ಕೋವಿಗೊಂದು ಕೋಣೆ

ಗೋಡೆ ಎಬ್ಬಿಸೋದು ನಮ್ಮ ಕಸುಬು. ತಾತನ ಕಾಲಕ್ಕೆ ಅದು ಮಣ್ಣಿನ ಗೋಡೆ, ಅಪ್ಪನ ಕಾಲಕ್ಕೆ ಕಲ್ಲು ಇಟ್ಟಿಗೆ, ನಮ್ಮ ಕಾಲಕ್ಕೆ ಕಾಂಕ್ರೀಟು. ಊರಿನ ಸ್ಕೂಲು, ಪಂಚಾಯ್ತಿ ಕಟ್ಟಡ, ಹೊಸ್ತಿಲು ದಾಟಕ್ಕೆ ನಮಗೆ ಅಪ್ಪಣೆ ಇಲ್ಲದ ದೇವಸ್ಥಾನದ ಪೌಳಿ, ಎಲ್ಲದರ ತಳಪಾಯದಲ್ಲೂ ನಮ್ಮ ಬೆವರು ಕಲಸಿಕೊಂಡಿದೆ. ಇದೇನೂ ಹೊಸ ಮಾತಲ್ಲ. ಇಂಥ ಪುಟಗಳಲ್ಲಿ ಎಷ್ಟೋ ಗೆಳೆಯರು ಇದನ್ನ ನಮಗಿಂತ ಖಾರವಾಗಿ ಹೇಳಿದ್ದಾರೆ. ನಾವು ಹೇಳಕ್ಕೆ ಹೊರಟಿರೋದು ಒಂದೇ ಒಂದು ಕೋಣೆಯ ಸಂಗತಿ. ಆ ಕೋಣೆಯಲ್ಲಿ ಯಾರೂ ಮಲಗೋದಿಲ್ಲ, ಯಾರೂ ಉಣ್ಣೋದಿಲ್ಲ, ಯಾರೂ ಹೆರೋದಿಲ್ಲ. ಇಷ್ಟು ವರ್ಷದಲ್ಲಿ ನಾವು ಕಟ್ಟಿದ್ದರಲ್ಲೆಲ್ಲ ಗಟ್ಟಿಯಾದ ಕೋಣೆ ಅದೇ. ಅದು ಕೋವಿಗಳಿಗಾಗಿ ಕಟ್ಟಿದ ಕೋಣೆ.

ನಾವು ಅಂದರೆ ಯಾರು ಅಂತ ಮೊದಲೇ ಹೇಳಿಬಿಡ್ತೀವಿ. ಹಾಸನ ಜಿಲ್ಲೆಯ ಬಯಲುಸೀಮೆ ಕಡೆಯ ಒಂದು ಕೇರಿಯವರು. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಸಕಲೇಶಪುರದ ಕಡೆಯ ಕಾಫಿ ತೋಟಗಳಿಗೆ ಹೋಗೋದು ಮೂರು ತಲೆಮಾರಿನ ವಾಡಿಕೆ. ಅಪ್ಪ ಗಾರೆ ಮೇಸ್ತ್ರಿ. ಚಿಕ್ಕಪ್ಪ ಕಂಬಿ ಕಟ್ಟೋನು. ಅವ್ವ, ಚಿಕ್ಕವ್ವ ಬಾಂಡ್ಲಿ ಹೊರೋರು. ನಮ್ಮೊಳಗೆ ಬಿ.ಎ. ಪಾಸಾದವನೊಬ್ಬ ಇದ್ದಾನೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವನು ಅವನೇ ಮೊದಲು. ನಾಲ್ಕು ಪದ್ಯ ಬರೆದಿದ್ದಾನೆ, ಕೆಲಸ ಸಿಕ್ಕಿಲ್ಲ. ಇದನ್ನ ಬರೀತಿರೋ ಕೈ ಅವನದು, ಬಾಂಡ್ಲಿ ಎತ್ತಿಕೊಟ್ಟ ಕೈಯೂ ಅವನದೇ. ಆದರೆ ಮಾತು ನಮ್ಮೆಲ್ಲರದು. ಅದಕ್ಕೇ ನಾವು ಅಂತ ಬರೀತಿದ್ದೀವಿ.

ತೋಟದ ಹೆಸರು ಬೇಡ, ಸಾಹುಕಾರ್ರ ಹೆಸರೂ ಬೇಡ. ಹೆಸರು ಬರೆದರೆ ಒಬ್ಬ ಕೆಟ್ಟವನ ಕತೆ ಆಗಿಬಿಡುತ್ತೆ. ಅವರೇನೂ ಕೆಟ್ಟವರಲ್ಲ. ಬಟವಾಡೆ ಶನಿವಾರ ಅಂದರೆ ಶನಿವಾರ. ನಮಗೆ ಟೀ ಕೊಡೋ ಲೋಟ ಮಾತ್ರ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆ ಇಟ್ಟಿರೋರು. ಅವರ ಮನೇಲಿ ನಾಲ್ಕು ಲೈಸೆನ್ಸು: ಅವರದು, ಇಬ್ಬರು ತಮ್ಮಂದಿರದು, ಹಿರೀಮಗನದು. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದಮೇಲೆ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಹಾಗಾಗಿ ಒಟ್ಟು ಎಂಟು. ಮೊದಲು ಅವು ಹಜಾರದ ಗೋಡೆ ಮೇಲೆ ಜಿಂಕೆ ಕೊಂಬಿನ ಕೆಳಗೆ ನೇತಾಡ್ತಿದ್ದವು. ಕಿರೀಮಗ ಅಮೆರಿಕದ ಟೆಕ್ಸಾಸಿನಲ್ಲಿ ಇದ್ದಾನೆ. ಅಲ್ಲಿ ಕೋವಿ ಇಡೋದಕ್ಕೆ ಬೀರು ಸಾಲದು ಅಂತ ಮನೆಯೊಳಗೇ ನಡೆದು ಹೋಗೋವಷ್ಟು ದೊಡ್ಡ ಭದ್ರ ಕೋಣೆ ಕಟ್ಟಿಸಿಕೊಳ್ಳೋ ಪದ್ಧತಿ ಉಂಟಂತೆ. ಅವನು ಫೋನಿಗೆ ನಕ್ಷೆ ಕಳಿಸಿದ. ಸಾಹುಕಾರ್ರು ಅದನ್ನ ಅಪ್ಪನಿಗೆ ತೋರಿಸಿ, 'ಮೇಸ್ತ್ರಿ, ಇದರೊಳಕ್ಕೆ ಒಂದು ಇರುವೆ ಹೋಗಬಾರದು ನೋಡು' ಅಂದರು. 'ಆಯ್ತು ಬುದ್ಧಿ' ಅಂದ ಅಪ್ಪ.

ಇರುವೆ ಹೋಗದಂಥ ಕೋಣೆ ಹೇಗೆ ಕಟ್ಟಬೇಕು ಅಂತ ಕೇಳಿ. ಒಳಗಿನ ಅಳತೆ ಹತ್ತಡಿ ಉದ್ದ, ಎಂಟಡಿ ಅಗಲ, ಎಂಟಡಿ ಎತ್ತರ. ಮನೆಯ ನಡುವಿನ ಜಾಗ, ಯಾವ ಗೋಡೆಯೂ ಹೊರಗಿನ ಬಯಲಿಗೆ ಮೈಕೊಡದ ಹಾಗೆ. ಇಟ್ಟಿಗೆ ಬೇಡ. ಇಟ್ಟಿಗೆ ಗೋಡೆಯನ್ನ ಉಳಿ ಸುತ್ತಿಗೆ ಇದ್ದೋನು ಅರ್ಧ ಗಂಟೇಲಿ ತೂತು ಮಾಡ್ತಾನೆ. ಎಂಟಿಂಚು ದಪ್ಪದ ಕಾಂಕ್ರೀಟು ಗೋಡೆ. ಅದರೊಳಗೆ ಹನ್ನೆರಡು ಎಂಎಂ ಕಂಬಿ, ಅಡ್ಡಕ್ಕೂ ಉದ್ದಕ್ಕೂ ಅರ್ಧ ಅಡಿಗೊಂದು, ಅದೂ ಎರಡು ಪದರ. ನೆಲದ ಕಂಬಿ ಬಗ್ಗಿ ಗೋಡೆಯೊಳಕ್ಕೆ ಹತ್ತಬೇಕು, ಗೋಡೆಯ ಕಂಬಿ ಬಗ್ಗಿ ತಾರಸಿಯೊಳಕ್ಕೆ ಹೋಗಬೇಕು. ಎಲ್ಲೂ ಬಿಡಿಯಾಗಿ ನಿಲ್ಲಬಾರದು. ಕಳ್ಳ ಬಾಗಿಲಿಗೇ ಬರಬೇಕಂತಿಲ್ಲ. ಬಾಗಿಲು ಗಟ್ಟಿ ಇದ್ದರೆ ಗೋಡೆಗೆ ಬರ್ತಾನೆ, ಗೋಡೆ ಗಟ್ಟಿ ಇದ್ದರೆ ಸೂರಿಗೆ ಬರ್ತಾನೆ. ಆದ್ದರಿಂದ ಆರೂ ಕಡೆ ಒಂದೇ ಬಲ ಇರಬೇಕು. ಚಿಕ್ಕಪ್ಪ ಎಂಟು ದಿನ ಕೂತು ಕಂಬಿ ಕಟ್ಟಿದ. ಬೈಂಡಿಂಗ್ ವೈರು ತಿರುವಿ ತಿರುವಿ ಅವನ ಬೆರಳ ಸಂದೆಲ್ಲ ಸೀಳಿಹೋಯ್ತು. ಪಂಜರದೊಳಗೆ ಅವನು ಕೂತಿದ್ದನ್ನ ನೋಡಿ ಚಿಕ್ಕವ್ವ, 'ಹುಲಿ ಬೋನಿಗೆ ಬಿದ್ದಂಗವ್ನೆ' ಅಂತ ನಕ್ಕಳು.

ಗೋಡೆಗೆ ಒಂದು ದಿನ, ತಾರಸಿಗೆ ಒಂದು ದಿನ. ನಡುವೆ ನಿಲ್ಲಿಸೋ ಹಾಗಿಲ್ಲ. ಬೆಳಗಿನ ಮಾಲು ಗಟ್ಟಿಯಾದ ಮೇಲೆ ಸಂಜೆ ಮಾಲು ಸುರಿದರೆ ಎರಡರ ನಡುವೆ ಸಂದು ಉಳಿಯುತ್ತೆ, ಆ ಸಂದಿನಲ್ಲೇ ಗೋಡೆ ಸೋಲೋದು. ಅರವತ್ತಕ್ಕೂ ಮೇಲೆ ಮೂಟೆ ಸಿಮೆಂಟು ಹಿಡಿಯಿತು. ಅವ್ವ ಅವತ್ತು ಎಷ್ಟು ಬಾಂಡ್ಲಿ ಹೊತ್ತಳೋ ಲೆಕ್ಕ ಇಟ್ಟೋರಿಲ್ಲ. ಮಧ್ಯಾಹ್ನ ಮುದ್ದೆ ನುಂಗುವಾಗ ಕೇಳಿದಳು:

'ಅಲ್ಲ ಕಣ್ಲಾ, ಇದ್ರೊಳ್ಗೆ ಯಾರು ಮನಗ್ತಾರೆ?'

'ಯಾರೂ ಇಲ್ಲ ಕಣವ್ವ. ಕೋವಿ ಮನಗ್ತವೆ.'

'ಕೋವಿಗ್ಯಾಕ್ಲಾ ಇಷ್ಟು ದಪ್ಪದ ಗ್ವಾಡೆ? ಅವುಕ್ಕೇನು ಚಳಿಯಾದದಾ?'

ನಗಬೇಡಿ ಗೆಳೆಯರೇ. ಅವ್ವ ಕೇಳಿದ್ದು ಸರಿಯಾದ ಪ್ರಶ್ನೆ. ಕೋವಿಗೆ ಚಳಿಯಾಗಲ್ಲ, ಶೀತ ಆಗುತ್ತೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ನಳಿಗೆ ತುಕ್ಕು ಹಿಡಿಯುತ್ತೆ, ಮರದ ಹಿಡಿ ಬೂಷ್ಟು ಹಿಡಿಯುತ್ತೆ. ಹೊಸ ಕಾಂಕ್ರೀಟು ಬೇರೆ ತಿಂಗಳುಗಟ್ಟಲೆ ತನ್ನೊಳಗಿನ ನೀರನ್ನ ಬೆವರಿನಂತೆ ಬಿಡ್ತಾ ಇರುತ್ತೆ. ಅದಕ್ಕೆ ಇಪ್ಪತ್ತೆಂಟು ದಿನ ಕಾದು, ಗೋಡೆಗೆ ತೇವ ತಡೆಯೋ ಬಣ್ಣ ಹೊಡೆದು, ಒಳಗೆ ಹಲಗೆ ಜೋಡಿಸಿ, ತೇವ ಹೀರೋ ಮಿಷನ್ನು ಇಟ್ಟರು. ಗಾಳಿಯ ತೇವ ನೂರಕ್ಕೆ ಐವತ್ತು ದಾಟಬಾರದಂತೆ. ಅದನ್ನ ನೋಡಕ್ಕೆ ಗೋಡೆಯಲ್ಲೊಂದು ಸಣ್ಣ ಗಡಿಯಾರದಂಥದು. ಕಾಡತೂಸುಗಳಿಗೆ ಬೇರೆ ಪೆಟ್ಟಿಗೆ, ಅದಕ್ಕೆ ಬೇರೆ ಬೀಗ.

ಅದೇ ತೋಟದ ಇಳಿಜಾರಿನಲ್ಲಿ ನಮ್ಮನ್ನ ಇಳಿಸಿದ್ದು ಲೈನ್ ಮನೇಲಿ. ತಗಡಿನ ಸೂರು, ಒಂದು ಕೋಣೆ, ಐದು ಜನ. ಅಳತೆ ಹಾಕಿದೆವು: ಹತ್ತಡಿ, ಎಂಟಡಿ. ಕೋವಿಯ ಕೋಣೆಯಷ್ಟೇ. ಆಷಾಢದಲ್ಲಿ ಚಿಕ್ಕವ್ವನ ಕೂಸಿನ ಬಟ್ಟೆ ಒಣಗಲಿಲ್ಲ. ಒಲೆ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲಿ ಒಣಗಿಸಿದಳು. ಕೂಸಿನ ಎದೆ ಗೊರ ಗೊರ ಅಂತಿತ್ತು. ಅದರ ಎದೆಯೊಳಗಿನ ತೇವ ನೂರಕ್ಕೆಷ್ಟು ಅಂತ ನೋಡೋ ಗಡಿಯಾರ ಆ ಗೋಡೆ ಮೇಲೆ ಇರಲಿಲ್ಲ.

ಇನ್ನು ಬಾಗಿಲು. ಬೆಂಗಳೂರಿನಿಂದ ಲಾರಿ ಮೇಲೆ ಬಂತು. ಉಕ್ಕಿನದು. ಹತ್ತು ಜನ ಪೈಪಿನ ತುಂಡಿನ ಮೇಲೆ ಉರುಳಿಸಿಕೊಂಡು ಹೋದೆವು. ಜೋಡಿಸಕ್ಕೆ ಬಂದ ಹುಡುಗ ನಮ್ಮಂತೋನೇ, ಐಟಿಐ ಮಾಡಿದೋನು. 'ಬನ್ನಿ ಅಣ್ಣಾ, ತೋರಿಸ್ತೀನಿ' ಅಂತ ಕರೆದು ಒಂದೊಂದೇ ವಿವರಿಸಿದ. ಚಕ್ರ ತಿರುಗಿಸಿದರೆ ಬಾಗಿಲ ಅಂಚಿನಿಂದ ಉಕ್ಕಿನ ಗೂಟಗಳು ಚೌಕಟ್ಟಿನೊಳಕ್ಕೆ ಹೋಗಿ ಕೂರ್ತವೆ. ಯಾರಾದರೂ ಬೀಗಕ್ಕೆ ಡ್ರಿಲ್ ಹಾಕಿದರೆ ಒಳಗಿನ ಇನ್ನೊಂದು ಬೀಗ ತಾನಾಗಿ ಬಿದ್ದುಕೊಳ್ಳುತ್ತೆ. ಬಾಗಿಲು ಹೊರಕ್ಕೆ ತೆರೆಯೋದು, ಒದ್ದರೆ ಒಳಕ್ಕೆ ಬೀಳೋ ಹಾಗಿಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ ಬಾಗಿಲ ಒಳಮೈ ತೋರಿಸಿದ. ಅಲ್ಲೊಂದು ಹಿಡಿ. ಕತ್ತಲಲ್ಲೂ ಕಾಣೋ ಹಾಗೆ ಹೊಳೆಯೋ ಬಣ್ಣ ಹಚ್ಚಿತ್ತು.

'ಇದ್ಯಾಕಪ್ಪ ಒಳಗೆ?'

'ಯಾರಾದ್ರೂ ಒಳಗೆ ಸಿಕ್ಕಾಕ್ಕೊಂಡ್ರೆ ಅಣ್ಣಾ. ಮಕ್ಕಳು ಗಿಕ್ಕಳು ಆಟ ಆಡ್ತಾ ಹೋಗಿರ್ತವೆ, ಗೊತ್ತಿಲ್ದೆ ಹೊರಗಿಂದ ಬೀಗ ಬಿದ್ದೋಗುತ್ತೆ. ಹೊರಗಡೆ ಎಷ್ಟು ಬೀಗ ಇದ್ರೂ ಒಳಗಿರೋರು ಈ ಹಿಡಿ ಎಳೆದ್ರೆ ತಕ್ಕೋಬೇಕು. ಇದಿಲ್ದೆ ಇಂಥ ಕೋಣೆ ಕಟ್ಟಲೇಬಾರ್ದು.'

ಆ ಹಿಡಿಯನ್ನ ನಾವು ಒಬ್ಬೊಬ್ಬರಾಗಿ ಎಳೆದು ನೋಡಿದೆವು. ಅದು ಮೆತ್ತಗೆ ಬಂತು. ಆರು ವರ್ಷದ ಕೂಸೂ ಎಳೆಯಬಹುದು.

ಹೊರಗಿನಿಂದ ಬೀಗ ಬಿದ್ದ ಬಾಗಿಲು. ಈ ಮಾತು ಕೇಳಿದರೆ ಕರ್ನಾಟಕದ ಹೊಲೆ ಮಾದಿಗ ಕೇರಿಗಳಲ್ಲಿ ಇವತ್ತೂ ಒಂದು ಊರಿನ ಹೆಸರು ನೆನಪಾಗುತ್ತೆ. ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕು, ಆಗಿನ ಕೋಲಾರ ಜಿಲ್ಲೆ. 2000ದ ಮಾರ್ಚ್ 11ರ ರಾತ್ರಿ ದಲಿತರ ಮನೆಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟರು. ಏಳು ಜನ ಸುಟ್ಟು ಹೋದರು. 2006ರಲ್ಲಿ ಕೆಳಗಿನ ಕೋರ್ಟು ಆಪಾದಿತರನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅದಕ್ಕೂ ಹಿಂದೆ, 1968ರ ಡಿಸೆಂಬರ್ 25, ತಮಿಳುನಾಡಿನ ತಂಜಾವೂರು ಸೀಮೆಯ ಕೀಳ್ವೆಣ್ಮಣಿ. ಕೂಲಿಯ ಭತ್ತ ಒಂದಿಷ್ಟು ಹೆಚ್ಚು ಕೇಳಿದ್ದಕ್ಕೆ ಜಮೀನುದಾರರ ಕಡೆಯವರು ಕೋವಿ ಹಿಡಿದು ಬಂದರು. ಗುಂಡಿಗೆ ಹೆದರಿ ಹೆಂಗಸರು ಮಕ್ಕಳು ಒಂದು ಪುಟ್ಟ ಗುಡಿಸಲು ಹೊಕ್ಕರು. ಅದನ್ನ ಸುತ್ತುಗಟ್ಟಿ ಬೆಂಕಿ ಇಟ್ಟರು. ನಲವತ್ನಾಲ್ಕು ಜನ. ಆ ಮೊಕದ್ದಮೆಯಲ್ಲೂ ಜಮೀನುದಾರರು ಮೇಲಿನ ಕೋರ್ಟಿನಲ್ಲಿ ಬಿಡುಗಡೆ ಆದರು.

ನಾವು ಕಟ್ಟಿದ ಎಂಟಿಂಚಿನ ಕಾಂಕ್ರೀಟು ಗೋಡೆ ನಾಲ್ಕು ಗಂಟೆ ಹೊತ್ತಾದರೂ ಬೆಂಕಿಯನ್ನ ತಡೆಯಬಲ್ಲದು. ಸೋಗೆ ಗುಡಿಸಲು ಎಷ್ಟು ನಿಮಿಷ ತಡೆಯುತ್ತೆ? ಕೋವಿಯ ಕೋಣೆಗೆ ಒಳಗಿನಿಂದ ತೆಗೆಯೋ ಹಿಡಿ ಇದೆ, ಅಲ್ಲಿ ಮನುಷ್ಯರು ಇರೋದೇ ಇಲ್ಲ. ಮನುಷ್ಯರು ಇರೋ ಕೇರಿಗೆ ಅಂಥ ಹಿಡಿ ಯಾರು ಇಟ್ಟಿದ್ದಾರೆ? ನಾವು ಬರೀ ಬಾಗಿಲಿನ ಮಾತು ಆಡ್ತಿಲ್ಲ. ಪೊಲೀಸು ಠಾಣೆ, ತಾಲ್ಲೂಕು ಆಫೀಸು, ಕೋರ್ಟು, ಇವೆಲ್ಲ ನಮ್ಮ ಮನೆ ಬಾಗಿಲಿನ ಒಳಗಿನ ಹಿಡಿ ಆಗಬೇಕಿತ್ತು. ಎಳೆದಾಗ ಬಾಗಿಲು ತಕ್ಕೋಬೇಕಿತ್ತು. ಎಷ್ಟು ಊರಿನಲ್ಲಿ ಎಳೆದವರ ಕೈಗೇ ಕಿತ್ತುಕೊಂಡು ಬಂದಿಲ್ಲ?

ಕೋವಿಯಿಂದ ಗುಂಡು ಹಾರಲೇಬೇಕಂತಿಲ್ಲ. ಹಜಾರದ ಗೋಡೆ ಮೇಲೆ ಅದು ಸುಮ್ಮನೆ ನೇತಾಡಿದ್ದೇ ಎಷ್ಟೋ ಕೆಲಸ ಮಾಡಿದೆ. ನಮ್ಮ ತಾತ ಆ ಸೀಮೆಯ ತೋಟಗಳಲ್ಲಿ ಷಿಕಾರಿಗೆ ಹೋಗ್ತಿದ್ದ. ಕೋವಿ ಹಿಡಿದಲ್ಲ, ತಮಟೆ ಹಿಡಿದು. ತಮಟೆ ಬಡ್ಕೊಂಡು ಪೊದೆಯೊಳಕ್ಕೆ ನುಗ್ಗಿ ಹಂದಿ ಎಬ್ಬಿಸೋದು ನಮ್ಮೋರ ಪಾಲು, ಆಚೆ ನಿಂತು ಹೊಡೆಯೋದು ಒಡೇರ ಪಾಲು. 1972ರ ವನ್ಯಜೀವಿ ಕಾಯ್ದೆ ಬಂದು ಷಿಕಾರಿ ನಿಂತಿತು ಅಂತ ಪುಸ್ತಕದಲ್ಲಿದೆ. ತಾತನ ಮೀನಖಂಡದಲ್ಲಿ ಎರಡು ಚರೆ ಅವನು ಮಣ್ಣಿಗೆ ಹೋಗೋ ತನಕ ಇದ್ದವು. ಚಳಿಗಾಲದಲ್ಲಿ ನೋಯೋವು. 'ಯಾರು ತಾತ ಹೊಡೆದದ್ದು?' ಅಂದರೆ, 'ಹಂದೀಗೆ ಹೊಡದ್ರು ಕಣ್ಲಾ, ನಂಗೆ ಬಿತ್ತು' ಅನ್ನೋನು. ಕೇಸಾಗಲಿಲ್ಲ. ಒಂದು ಪಲ್ಲ ರಾಗಿ ಬಂತು. ಆ ರಾಗಿ ತಿಂದು ಅಪ್ಪ ಬೆಳೆದ.

ಇನ್ನೊಂದು ಸಂಗತಿ. ನಮ್ಮ ಕಡೆಯ ಒಂದು ಊರಲ್ಲಿ ಒಂದು ವರ್ಷ ನಮ್ಮ ಹುಡುಗರು ಹಬ್ಬದಲ್ಲಿ ತಮಟೆ ಬಡಿಯಲ್ಲ ಅಂದರು. ಬೈಗುಳ ಇಲ್ಲ, ಹೊಡೆದಾಟ ಇಲ್ಲ. ಆ ರಾತ್ರಿ ಕೇರಿ ಕಡೆ ತಿರುಗಿ ಯಾರೋ ಗಾಳೀಲಿ ಒಂದು ಗುಂಡು ಹಾರಿಸಿದರು. ಬೆಳಗ್ಗೆ ಕೇಳಿದರೆ ಹಂದಿ ಬಂದಿತ್ತು ಅಂದರು. ಮಾರನೇ ವರ್ಷ ತಮಟೆ ಸದ್ದು ಕೇಳಿಸಿತು. ಬೆಳೆ ಕಾಯೋಕೆ ಅಂತ ಕೊಟ್ಟ ಲೈಸೆನ್ಸು ಜಾತಿಯನ್ನೂ ಕಾಯುತ್ತೆ ಅಂತ ಯಾವ ಕಡತದಲ್ಲೂ ಬರೆದಿರೋದಿಲ್ಲ.

ಯಾರ ಕೈಗೆ ಕೋವಿ ಅನ್ನೋದು ಯಾವ ಕಾಲಕ್ಕೂ ಬರೀ ಕೋವಿಯ ಪ್ರಶ್ನೆ ಆಗಿರಲಿಲ್ಲ. 1857ರ ದಂಗೆ ಆದಮೇಲೆ ಬ್ರಿಟಿಷರು ದೇಶದ ಜನರ ಆಯುಧ ಕಿತ್ತುಕೊಂಡರು. 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ದೇಶದವನಿಗೆ ಲೈಸೆನ್ಸು ಬೇಕು, ಬಿಳಿಯನಿಗೆ ವಿನಾಯಿತಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿ ಹಿಡಿದವರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಸರಿ ಅಂದಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂ ಮುಡಿಸಿ ಪೂಜೆ ಮಾಡ್ತಾರೆ. ಅವರ ಹಬ್ಬದ ಮೇಲೆ ನಮಗೆ ಮುನಿಸಿಲ್ಲ. ನಾವು ಕೇಳೋದು ಇಷ್ಟೇ: ಅದೇ ಕೊಡಗಿನ ತೋಟಗಳ ಲೈನ್ ಮನೇಲಿ ತಲೆಮಾರುಗಳಿಂದ ದುಡಿಯೋ ಎರವರಿಗೆ ಹುಟ್ಟಿನಿಂದ ಬಂದ ವಿನಾಯಿತಿ ಯಾವುದು? ಹುಟ್ಟು ಮತ್ತು ಭೂಮಿ, ಇವೆರಡರ ಹಿಂದೆಯೇ ಕೋವಿ ನಡೆದುಬಂದಿದೆ.

ನಕ್ಷೆ ಬಂದ ಆ ಅಮೆರಿಕವನ್ನೂ ನೋಡಿ. ಅಲ್ಲಿ ಜನರ ಕೈಲಿರೋ ಕೋವಿಗಳು ಜನರ ಸಂಖ್ಯೆಗಿಂತ ಹೆಚ್ಚು ಅಂತ 2018ರ ಅಂದಾಜು. ಆದರೆ ಎಲ್ಲರಿಗೂ ಒಂದೇ ಲೆಕ್ಕ ಅಲ್ಲ. ಗುಲಾಮಗಿರಿ ಹೋದ ವರ್ಷವೇ, 1865ರಲ್ಲಿ, ಮಿಸಿಸಿಪ್ಪಿ ರಾಜ್ಯ ಬಿಡುಗಡೆಯಾದ ಕರಿಯರು ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಬಾರದು ಅಂತ ಕಾನೂನು ಮಾಡಿತು. ಒಡೆಯರಿಗೆ ಅಂಥ ಕಾನೂನಿಲ್ಲ. ನೂರು ವರ್ಷದ ಮೇಲೆ, 1966ರಲ್ಲಿ, ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಕಾನೂನು ಒಪ್ಪಿದ ಹಾಗೆಯೇ ಕೋವಿ ಹಿಡಿದು ಪೊಲೀಸರ ಹಿಂದೆ ಹಿಂದೆ ನಡೆದರು, ನಮ್ಮೋರನ್ನ ಹೊಡೀಬೇಡಿ ಅಂತ. ಮಾರನೇ ವರ್ಷವೇ, 1967ರಲ್ಲಿ, ಕ್ಯಾಲಿಫೋರ್ನಿಯಾ ಸರ್ಕಾರ ಗುಂಡು ತುಂಬಿದ ಕೋವಿಯನ್ನ ಸಾರ್ವಜನಿಕವಾಗಿ ಹಿಡಿದು ಓಡಾಡೋದನ್ನೇ ನಿಷೇಧಿಸಿತು. ಆ ಪ್ಯಾಂಥರರ ಹೆಸರನ್ನೇ 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಇಟ್ಟುಕೊಂಡದ್ದು. ಹೆಸರು ತಂದರು, ಕೋವಿ ತರಲಿಲ್ಲ. ಅವರ ಕೈಲಿದ್ದದ್ದು ಪದ್ಯ.

2016ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಫಿಲಾಂಡೋ ಕ್ಯಾಸ್ಟೀಲ್ ಅನ್ನೋ ಕರಿಯ ತರುಣನ ಕಾರನ್ನ ಪೊಲೀಸರು ತಡೆದರು. ಅವನಿಗೆ ಲೈಸೆನ್ಸಿತ್ತು. ತನ್ನ ಹತ್ತಿರ ಕೋವಿ ಇದೆ ಅಂತ ತಾನೇ ಮರ್ಯಾದೆಯಿಂದ ಹೇಳಿದ. ಪೊಲೀಸಿನವನು ಅಲ್ಲೇ ಗುಂಡಿಕ್ಕಿ ಕೊಂದ. ಮರುವರ್ಷ ಆ ಪೊಲೀಸನ ಬಿಡುಗಡೆ ಆಯಿತು. ಒಂದೇ ಕಾಗದ ಒಬ್ಬನ ಕೈಲಿ ಲೈಸೆನ್ಸು, ಇನ್ನೊಬ್ಬನ ಕೈಲಿ ಮರಣ ಪತ್ರ. ಓದಿದ ನಮ್ಮ ಹುಡುಗರು ಇದನ್ನ ಮರೆಯಬಾರದು.

ಹಾಗಾದರೆ ಕೋವಿಗೆ ಬೀಗ ಹಾಕೋದೇ ತಪ್ಪಾ? ಖಂಡಿತ ಅಲ್ಲ. ಇದನ್ನ ಬಿಡಿಸಿ ಹೇಳಬೇಕು. ಕೋವಿ ಇರೋ ಮನೇಲಿ ಅದು ಬೀಗದೊಳಗೇ ಇರಬೇಕು, ಕಾಡತೂಸು ಬೇರೆ ಇರಬೇಕು. ಅಮೆರಿಕದಲ್ಲಿ ಕೋವಿಯಿಂದ ಆಗೋ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಕೈಗೆ ಸಿಗೋ ಹಾಗೆ ಇದ್ದದ್ದೇ ಎಷ್ಟೋ ಮನೆಯ ಮಕ್ಕಳನ್ನ ತಿಂದಿದೆ. ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳೂ ಕೋವಿಯನ್ನ ಭದ್ರವಾಗಿಡಬೇಕು ಅಂತಲೇ ಬಯಸ್ತವೆ. ಹಜಾರದ ಗೋಡೆಯಿಂದ ಇಳಿದು ಕೋಣೆಯೊಳಕ್ಕೆ ಹೋದದ್ದರಿಂದ ಆ ಮನೆಯ ಮೊಮ್ಮಕ್ಕಳಿಗೆ ಒಳ್ಳೇದೇ ಆಯಿತು. ಆ ಮಕ್ಕಳ ಮೇಲೆ ನಮಗೇನು ಹಗೆ? ಆದರೆ ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನೋದು ಬೇರೆ ಪ್ರಶ್ನೆ. ಆ ಬಾಗಿಲು ತೆರೆದ ರಾತ್ರಿ ಕೇರಿಯವರು ಎಲ್ಲಿಗೆ ಓಡಬೇಕು ಅನ್ನೋದು ಇನ್ನೂ ಬೇರೆ ಪ್ರಶ್ನೆ.

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ ಅಂದರೆ ನಂಬ್ತೀರಾ? 1989ರ ದೌರ್ಜನ್ಯ ತಡೆ ಕಾಯ್ದೆ ನಮಗೆಲ್ಲ ಗೊತ್ತು. ಅದರ ಅಡಿಯಲ್ಲಿ 1995ರಲ್ಲಿ ನಿಯಮಗಳು ಬಂದವು. ಅದರಲ್ಲಿ ಮೂರನೇ ನಿಯಮವನ್ನ ತೆಗೆದು ಓದಿ. ದೌರ್ಜನ್ಯ ಆಗಬಹುದು ಅನ್ನಿಸೋ ಪ್ರದೇಶಗಳನ್ನ ಸರ್ಕಾರ ಗುರುತಿಸಬೇಕು. ಅಲ್ಲಿ ಅಗತ್ಯ ಕಂಡರೆ ಪರಿಶಿಷ್ಟರಲ್ಲದವರ, ಅವರ ಹತ್ತಿರದ ನೆಂಟರ, ಆಳುಗಳ, ಮನೆಯ ಸ್ನೇಹಿತರ ಕೋವಿ ಲೈಸೆನ್ಸು ರದ್ದು ಮಾಡಿ ಕೋವಿಗಳನ್ನ ಸರ್ಕಾರಿ ಉಗ್ರಾಣಕ್ಕೆ ಹಾಕಿಸಬೇಕು. ಕಳ್ಳ ಕೋವಿಗಳನ್ನ ಹಿಡಿಯಬೇಕು. ಅಷ್ಟೇ ಅಲ್ಲ, ಜೀವ ಆಸ್ತಿ ಉಳಿಸಿಕೊಳ್ಳಕ್ಕೆ ಅಗತ್ಯ ಕಂಡರೆ ಪರಿಶಿಷ್ಟ ಜಾತಿ ಪಂಗಡದವರಿಗೇ ಕೋವಿ ಲೈಸೆನ್ಸು ಕೊಡಬೇಕು. ಇದು ಯಾವುದೋ ಕರಪತ್ರದ ಮಾತಲ್ಲ. ಭಾರತ ಸರ್ಕಾರದ ನಿಯಮ.

ಕಾಲೇಜಿನ ಲೈಬ್ರರೀಲಿ ಇದನ್ನ ಓದಿ ಬಂದ ರಾತ್ರಿ ನಮ್ಮ ಬಿ.ಎ.ಯವನು ಕೇರಿಯ ಜಗಲಿ ಮೇಲೆ ಗಟ್ಟಿಯಾಗಿ ಓದಿ ಹೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ಬೀಡಿ ಆರಿಸಿ ಅಂದ: 'ಕೊಡ್ಲಿ. ತಂದು ಎಲ್ಲಿಕ್ಕಣ? ನಮ್ಮನೆ ಕದಕ್ಕೆ ಚಿಲಕಾನೇ ಇಲ್ವಲ್ಲ.'

ಎಲ್ಲರೂ ನಕ್ಕರು. ಆದರೆ ಅದು ನಗೋ ಮಾತಾಗಿರಲಿಲ್ಲ. ಭದ್ರವಾಗಿಡೋ ಜಾಗ ಇದ್ದೋನಿಗೆ ಕೋವಿ. ಜಾಗ ಇದ್ದೋನಿಗೆ ಭದ್ರತೆ. ನಮ್ಮ ಕೇರಿಯಲ್ಲಿ ಸರ್ಕಾರದ ಯೋಜನೆಯ ಮನೆಗಳು ಲಿಂಟಲ್ ಮಟ್ಟಕ್ಕೆ ಬಂದು ನಿಂತಿವೆ. ಮುಂದಿನ ಕಂತು ಬಂದಿಲ್ಲ. ಗೋಡೆ ಕಟ್ಟೋರ ಮನೆಗೇ ಗೋಡೆ ಇಲ್ಲ. ಇಂಥೋರ ಕೈಗೆ ಕೋವಿ ಕೊಟ್ಟರೆ ಮೊದಲ ರಾತ್ರಿಯೇ ಅದು ಕಳುವಾಗಿ ಮೂರನೇ ರಾತ್ರಿ ನಮ್ಮ ಕಡೆಗೇ ತಿರುಗಬಹುದು. ಅಥವಾ ಕುಡಿದ ನಮ್ಮೋನೇ ಒಬ್ಬ ನಮ್ಮ ಹೆಣ್ಣುಮಗಳ ಮೇಲೆ ಎತ್ತಬಹುದು. ಚಿಕ್ಕವ್ವ ಇದನ್ನ ಬಾಯಿಬಿಟ್ಟು ಹೇಳಿದಳು: 'ಸಾಹುಕಾರ್ರ ಕ್ವಾವಿ ದೂರದಿಂದ ಹೆದರಿಸ್ತದೆ. ನಮ್ಮ ಗಂಡಸ್ರ ಕೈಗೆ ಬಂದ್ರೆ ಹತ್ರದಿಂದ.' ಹೆಂಗಸರು ಹೇಳಿದ ಈ ಮಾತನ್ನ ಚಳವಳಿಯ ಗಂಡಸರು ಕಿವಿಗೆ ಹಾಕ್ಕೋಬೇಕು.

ನಾವು ಕೋವಿ ಬೇಡಕ್ಕೆ ಬಂದೋರಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ಸಂವಿಧಾನದ ದಾರಿ ತೆರೆದ ಮೇಲೆ ರಕ್ತದ ದಾರಿ ಬಿಡಬೇಕು ಅಂದರು. ಅವರ ಮಾತು ನಮಗೆ ಬರೀ ಫೋಟೋಗೆ ಹಾಕೋ ಹಾರ ಅಲ್ಲ. ಆದರೆ ದಾರಿ ತೆರೆದಿರಬೇಕಲ್ಲ? ಮೂರನೇ ನಿಯಮ ಬಂದು ಎರಡು ವರ್ಷ ಕಳೆದಿತ್ತು, ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ 1997ರ ಡಿಸೆಂಬರ್ 1ರ ರಾತ್ರಿ ಜಮೀನುದಾರರ ರಣವೀರ ಸೇನೆ ಐವತ್ತೆಂಟು ದಲಿತರನ್ನ ಗುಂಡಿಟ್ಟು ಕೊಂದಿತು. ಹೆಂಗಸರು, ಹಸುಗೂಸುಗಳು. 2010ರಲ್ಲಿ ಇಪ್ಪತ್ತಾರು ಜನಕ್ಕೆ ಶಿಕ್ಷೆ ಆಯ್ತು. 2013ರಲ್ಲಿ ಪಾಟ್ನಾ ಹೈಕೋರ್ಟು ಅಷ್ಟೂ ಜನರನ್ನ ಬಿಟ್ಟಿತು. ನಿಯಮ ಇತ್ತು. 'ಅಗತ್ಯ ಕಂಡರೆ' ಅನ್ನೋ ಎರಡು ಪದವೂ ಇದ್ದವು. ಕಾಣೋ ಕಣ್ಣು ಯಾರದು ಅನ್ನೋದೇ ಇಡೀ ಕತೆ.

ಚುನಾವಣೆ ಬಂತು ಅಂದರೆ ಕೋವಿಗಳನ್ನ ಠಾಣೆಗೆ ಒಪ್ಪಿಸಿ ಅಂತ ಜಿಲ್ಲಾಡಳಿತ ಹುಕುಂ ಮಾಡುತ್ತೆ. ಆನೆ ಹಂದಿ ಕಾಟ ಅಂತ ತೋಟದವರು ತಕರಾರು ತೆಗೀತಾರೆ, ವಿನಾಯಿತಿ ಕೇಳ್ತಾರೆ, ಕೋರ್ಟಿಗೂ ಹೋಗ್ತಾರೆ. ಆದರೂ ಎಷ್ಟೋ ಕೋವಿ ಠಾಣೆಗೆ ಬರ್ತವೆ. ಅಂದರೆ ಸರ್ಕಾರ ಮನಸ್ಸು ಮಾಡಿದರೆ ಒಂದು ಕಾಗದದಿಂದ ಜಿಲ್ಲೆಯ ಕೋವಿಗಳನ್ನ ಒಂದು ಕಡೆ ಕೂರಿಸಬಲ್ಲದು. ಓಟಿನ ಪೆಟ್ಟಿಗೆ ಕಾಯೋದಕ್ಕೆ ಆಗೋದು ಕೇರಿ ಕಾಯೋದಕ್ಕೆ ಯಾಕಾಗಲ್ಲ?

ನಮಗೆ ಬೇಕಾದದ್ದು ಕೋವಿ ಅಲ್ಲ, ಒಳಗಿನಿಂದ ತೆಗೆಯೋ ಆ ಹಿಡಿ. ಅದನ್ನ ಯಾವ ಕಂಪನಿಯೂ ಮಾಡಿಕೊಡಲ್ಲ, ನಾವೇ ಜೋಡಿಸಬೇಕು. ಹೇಗೆ ಅಂತ ಕೇಳೋ ಗೆಳೆಯರಿಗೆ, ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ನಮ್ಮದೊಂದು ಕೆಲಸ ಇದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಜಿಲ್ಲಾಧಿಕಾರಿ ಕಚೇರಿಗೆ ನಾಲ್ಕು ಪ್ರಶ್ನೆ ಬರೀರಿ. ಒಂದು, ನಮ್ಮ ಜಿಲ್ಲೆಯಲ್ಲಿ ಮೂರನೇ ನಿಯಮದ ಪ್ರಕಾರ ಯಾವ ಯಾವ ಹಳ್ಳಿಗಳನ್ನ ಗುರುತಿಸಿದ್ದೀರಿ? ಎರಡು, 1995ರಿಂದ ಇಲ್ಲಿಯವರೆಗೆ ಆ ನಿಯಮದಲ್ಲಿ ಎಷ್ಟು ಲೈಸೆನ್ಸು ರದ್ದು ಮಾಡಿದ್ದೀರಿ? ಮೂರು, ಎಷ್ಟು ಕೋವಿ ಸರ್ಕಾರಿ ಉಗ್ರಾಣಕ್ಕೆ ಬಂದಿವೆ? ನಾಲ್ಕು, ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕಲ್ಲ, ಕಳೆದ ಐದು ವರ್ಷದ ನಡಾವಳಿ ಎಲ್ಲಿ?

ಉತ್ತರ ಬಂದರೆ ಕೇರಿಯ ಜಗಲಿ ಮೇಲೆ ಗಟ್ಟಿಯ ದನಿಯಲ್ಲಿ ಓದಿ. ಸೊನ್ನೆ ಅಂತ ಬಂದರೆ ಸೊನ್ನೆಯನ್ನೂ ಓದಿ. ಉತ್ತರವೇ ಬರದಿದ್ದರೆ ಮೇಲ್ಮನವಿ ಹಾಕಿ, ಹಾಕಿದ್ದನ್ನೂ ಓದಿ. ಓದೋದನ್ನ ಕಲಿತ ಮೊದಲ ತಲೆಮಾರಿನವರು ನಾವು, ಇಷ್ಟು ಕೆಲಸ ನಮ್ಮ ಮೇಲಿದೆ. ಕಂಬಿಗೆ ಕಂಬಿ ಸೇರಿಸಿ ಕಟ್ಟಿದಾಗಲೇ ಗೋಡೆ ನಿಲ್ಲೋದು ಅಂತ ನಮ್ಮ ಚಿಕ್ಕಪ್ಪನ ಬೆರಳಿಗೆ ಗೊತ್ತು. ಒಂದು ತಾಲ್ಲೂಕಿನ ಅರ್ಜಿ ಇನ್ನೊಂದು ತಾಲ್ಲೂಕಿನ ಅರ್ಜಿಗೆ ಹೆಣೆದುಕೊಳ್ಳಲಿ. ಎಲ್ಲೂ ಬಿಡಿಯಾಗಿ ನಿಲ್ಲಬಾರದು.